ಗೇಮ್ ಸಂಗೀತದ ಬಗ್ಗೆ ವಿಕಿ ಬರೆಯುವವರಿಗೆ ವಿಜಿಎಂಡಿಬಿ ಎಷ್ಟು ಉಪಯೋಗ?

ವಿಡಿಯೊ ಗೇಮ್ ಸಂಗೀತದ ವಿಕಿ ಲೇಖನಗಳಿಗೆ ತಪ್ಪು ನುಸುಳುವ ದಾರಿ ಬಹುತೇಕ ಒಂದೇ. ಬರೆಯುವವರು ವಿಜಿಎಂಡಿಬಿ ತೆರೆಯುತ್ತಾರೆ, ಆಲ್ಬಮ್ಮಿನ ಪುಟ ಹುಡುಕುತ್ತಾರೆ, ಅಲ್ಲಿ ಕಂಡ ದಿನಾಂಕ, ಹೆಸರು, ಟ್ರ್ಯಾಕ್ ಪಟ್ಟಿಯನ್ನು ಹಾಗೆಯೇ ಇಳಿಸಿಕೊಂಡು ಅಡಿಟಿಪ್ಪಣಿಯಲ್ಲಿ ಅದೇ ಪುಟದ ಕೊಂಡಿ ಕೊಡುತ್ತಾರೆ. ಪುಟದಲ್ಲಿ ಇರುವುದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅದನ್ನು ಓದುವುದರಲ್ಲಿ ಎಡವುತ್ತೇವೆ.

ವಿಜಿಎಂಡಿಬಿ ಗೇಮ್ ಮತ್ತು ಅನಿಮೆ ಸಂಗೀತದ ಆಲ್ಬಂಗಳ ದತ್ತಸಂಚಯ. ನೋಡಲು ದುಡ್ಡು ಕೊಡಬೇಕಿಲ್ಲ. ಮಾಹಿತಿ ತುಂಬುವವರು ನೋಂದಾಯಿತ ಬಳಕೆದಾರರು. ಒಂದೊಂದು ಆಲ್ಬಮ್ಮಿಗೂ ಕ್ಯಾಟಲಾಗ್ ಸಂಖ್ಯೆ (ಪ್ರಕಾಶಕರು ಆ ಮುದ್ರಣಕ್ಕೆ ಕೊಟ್ಟ ಗುರುತು), ಬಾರ್‌ಕೋಡ್, ಬಿಡುಗಡೆಯ ದಿನ, ಬೆಲೆ, ಪ್ರಕಾಶಕರು, ಸಂಯೋಜಕರು, ಎಷ್ಟು ಡಿಸ್ಕ್, ಪ್ರತಿ ಟ್ರ್ಯಾಕಿನ ಅವಧಿ, ಕೊನೆಗೆ ಟಿಪ್ಪಣಿ, ಇಷ್ಟೂ ಒಂದೇ ಪುಟದಲ್ಲಿ ಸಿಗುತ್ತವೆ. ಜಪಾನಿನ ಆಲ್ಬಂಗಳ ಮಟ್ಟಿಗೆ ಇಷ್ಟು ವಿವರವನ್ನು ಒಂದೆಡೆ ಕೊಡುವ ತಾಣ ಬೇರೆ ಇಲ್ಲವೆನ್ನಬಹುದು. ಆದರೆ ಇದು ಊರ ದಾರಿ ತೋರಿಸುವ ಕೈಮರ. ಕೈಮರವನ್ನೇ ಊರೆಂದುಕೊಂಡವರ ಲೇಖನಗಳು ಚರ್ಚಾಪುಟದಲ್ಲಿ ಸಿಕ್ಕಿಬೀಳುತ್ತವೆ.

ಮೊದಲ ತೊಡಕು ವಿಕಿಪೀಡಿಯದ ನಿಯಮದ್ದು. ಬಳಕೆದಾರರೇ ತುಂಬುವ ತಾಣವನ್ನು ವಿಕಿಪೀಡಿಯ ಆಕರವಾಗಿ ಒಪ್ಪುವುದಿಲ್ಲ. ಗೇಮುಗಳ ಮೊಬಿಗೇಮ್ಸ್, ಸಿನಿಮಾಗಳ ಐಎಂಡಿಬಿ ತಾಣಗಳಿಗೆ ಆಗಿರುವ ಗತಿಯೇ ಇದಕ್ಕೂ. ಹಾಗೆಂದು ತಾಣ ನಿಷ್ಪ್ರಯೋಜಕವಲ್ಲ. ಅಲ್ಲಿಂದ ಕ್ಯಾಟಲಾಗ್ ಸಂಖ್ಯೆ ತೆಗೆದುಕೊಳ್ಳಿ, ಆ ಸಂಖ್ಯೆ ಹಿಡಿದು ಪ್ರಕಾಶಕರ ಪುಟವನ್ನೋ ಸಿ.ಡಿ. ಜೊತೆ ಬಂದ ಬುಕ್‌ಲೆಟ್ಟನ್ನೋ ಹುಡುಕಿ, ಅದನ್ನು ಉಲ್ಲೇಖಿಸಿ. ಬುಕ್‌ಲೆಟ್ಟನ್ನು ಉಲ್ಲೇಖಿಸಲೆಂದೇ ಇಂಗ್ಲಿಷ್ ವಿಕಿಪೀಡಿಯದಲ್ಲಿ 'ಸೈಟ್ ಎವಿ ಮೀಡಿಯಾ ನೋಟ್ಸ್' ಎಂಬ ಟೆಂಪ್ಲೇಟ್, ಅಂದರೆ ಖಾಲಿ ಜಾಗ ತುಂಬುವ ಸಿದ್ಧ ನಮೂನೆ, ಇದೆ. ಪ್ರಕಾಶಕರು, ಕ್ಯಾಟಲಾಗ್ ಸಂಖ್ಯೆ, ವರ್ಷ, ಪುಟ ಸಂಖ್ಯೆ ತುಂಬಿದರೆ ಮುಗಿಯಿತು. ವಿಜಿಎಂಡಿಬಿ ಕೊಂಡಿಯನ್ನು ಬೇಕಿದ್ದರೆ 'ಬಾಹ್ಯ ಸಂಪರ್ಕ'ದಲ್ಲಿ ಇಡಬಹುದು. ವಿಕಿಪೀಡಿಯದ ಸೋದರ ದತ್ತಸಂಚಯವಾದ ವಿಕಿಡೇಟಾದಲ್ಲಂತೂ ವಿಜಿಎಂಡಿಬಿಯ ಕಲಾವಿದರ ಗುರುತುಸಂಖ್ಯೆಗೆ ಪ್ರತ್ಯೇಕ ಗುಣಲಕ್ಷಣವೇ ಇದೆ.

ಹುಡುಕುವಾಗಲೂ ಹೆಸರಿಗಿಂತ ಕ್ಯಾಟಲಾಗ್ ಸಂಖ್ಯೆಯೇ ವಾಸಿ. 'ಫೈನಲ್ ಫ್ಯಾಂಟಸಿ 7' ಎಂದು ಹುಡುಕಿದರೆ ಮೂಲ ಧ್ವನಿಮುದ್ರಿಕೆ, ಮರುಮುದ್ರಣ, ಪಿಯಾನೊ ಆವೃತ್ತಿ, ವಾದ್ಯವೃಂದದ ಆವೃತ್ತಿ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ದಿನಾಂಕದ ತಪ್ಪು ಹುಟ್ಟುವುದೂ ಇಲ್ಲೇ. ಆ ಗೇಮಿನ 4 ಡಿಸ್ಕಿನ, 85 ಟ್ರ್ಯಾಕಿನ ಆಲ್ಬಂ ಮೊದಲು ಬಂದದ್ದು 1997ರ ಫೆಬ್ರವರಿ 10ರಂದು, ಡಿಜಿಕ್ಯೂಬ್ ಸಂಸ್ಥೆಯಿಂದ. ಕ್ಯಾಟಲಾಗ್ ಸಂಖ್ಯೆ ಎಸ್‌ಎಸ್‌ಸಿಎಕ್ಸ್-10004. ಡಿಜಿಕ್ಯೂಬ್ 2003ರ ಕೊನೆಯಲ್ಲಿ ದಿವಾಳಿಯಾಯಿತು. ಹೀಗಾಗಿ ಅದರ ಹಳೆಯ ಆಲ್ಬಂಗಳು ಸ್ಕ್ವೇರ್ ಎನಿಕ್ಸ್ ಹೆಸರಿನಲ್ಲಿ ಮತ್ತೆ ಅಚ್ಚಾದವು, ಇದು 2004ರ ಮೇ 10ರಂದು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎರಡನೆಯದು. ಅದನ್ನು ಕೈಯಲ್ಲಿಟ್ಟುಕೊಂಡು ಬರೆದವರು ಆಲ್ಬಂ 2004ರದ್ದು ಎಂದುಬಿಡುತ್ತಾರೆ. ಪುಟದಲ್ಲಿರುವ ಸಂಬಂಧಿತ ಆಲ್ಬಂಗಳ ಪಟ್ಟಿಯನ್ನು ತಪ್ಪದೆ ನೋಡಿ, ಅತ್ಯಂತ ಹಳೆಯ ಮುದ್ರಣಕ್ಕೆ ಹೋಗಿ. ಲೇಖನದ ಬದಿಯ ಮಾಹಿತಿಪೆಟ್ಟಿಗೆಯಲ್ಲಿ (ಇನ್ಫೋಬಾಕ್ಸ್) ಮೊದಲ ಮುದ್ರಣದ ವಿವರ, ಮರುಮುದ್ರಣ ಲೇಖನದ ಒಡಲಲ್ಲಿ.

ಅದೇ ಪಟ್ಟಿಯಲ್ಲಿ ಕಳ್ಳಮುದ್ರಣಗಳೂ ಇಣುಕುತ್ತವೆ. 90ರ ದಶಕದಿಂದ ತೈವಾನಿನ ಕಡೆಯಿಂದ ಬಂದ ನಕಲಿ ಸಿ.ಡಿ.ಗಳಿಗೂ ಅಚ್ಚುಕಟ್ಟಾದ ಬುಕ್‌ಲೆಟ್, ಅವುಗಳದೇ ಕ್ಯಾಟಲಾಗ್ ಸಂಖ್ಯೆ ಇರುತ್ತವೆ. ವಿಜಿಎಂಡಿಬಿ ಇಂಥವನ್ನು 'ಬೂಟ್‌ಲೆಗ್' ಎಂದು ಗುರುತಿಸಿಯೇ ಇಟ್ಟಿರುತ್ತದೆ. ಈ ತಾಣಕ್ಕೆ ಕೈಮುಗಿಯಬೇಕಾದ ಕಾರಣಗಳಲ್ಲಿ ಇದೂ ಒಂದು. ಪ್ರಕಟಣೆಯ ಬಗೆ ಹೇಳುವ ಆ ಒಂದು ಸಾಲು ಓದದೆ ನಕಲಿಯನ್ನು 'ಏಷ್ಯಾ ಆವೃತ್ತಿ' ಎಂದು ಲೇಖನಕ್ಕೆ ಸೇರಿಸಿದರೆ ತಪ್ಪು ತಾಣದ್ದಲ್ಲ.

ಇನ್ನು ಹೆಸರುಗಳು. ಈ ಪರಿಶೀಲನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ.

'ಕ್ರೋನೊ ಟ್ರಿಗರ್' ಗೇಮ್ 1995ರ ಮಾರ್ಚ್ 11ರಂದು ಜಪಾನಿನಲ್ಲಿ ಬಂತು, ಅದರ 3 ಡಿಸ್ಕಿನ ಆಲ್ಬಂ ಮಾರ್ಚ್ 25ರಂದು. ಸಂಯೋಜಕರ ಸಾಲಿನಲ್ಲಿ ಮೂರು ಹೆಸರು: ಯಸುನೊರಿ ಮಿತ್ಸುದ, ನೊಬುಒ ಉಎಮತ್ಸು, ನೊರಿಕೊ ಮತ್ಸುಎದ. ಅಲ್ಪವಿರಾಮ ಹಾಕಿ ಮೂವರನ್ನೂ ಸಮನಾಗಿ ಬರೆದರೆ ಓದುಗರು ಮೂರು ಸಮಪಾಲು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಬಹುಪಾಲು ಮಿತ್ಸುದ ಅವರದು. ಅವರು ಕಾಯಿಲೆ ಬಿದ್ದಾಗ ಉಳಿದದ್ದನ್ನು ಉಎಮತ್ಸು ಮಾಡಿಕೊಟ್ಟರು. ಮತ್ಸುಎದ ಅವರ ಪಾಲು ಒಂದೇ ಒಂದು ಟ್ರ್ಯಾಕಿನದು. ಯಾವ ಟ್ರ್ಯಾಕ್ ಯಾರದು ಎಂಬುದನ್ನು ಸಾಮಾನ್ಯವಾಗಿ ಪುಟದ ಕೆಳಗಿನ ಟಿಪ್ಪಣಿಯಲ್ಲಿ ನೋಡಬೇಕು, ಮೇಲಿನ ಸಾಲು ಅದನ್ನು ಹೇಳುವುದಿಲ್ಲ. ಸಂಯೋಜನೆ ಬೇರೆ, ಅರೇಂಜ್‌ಮೆಂಟ್ ಬೇರೆ, ಸೌಂಡ್ ಪ್ರೋಗ್ರಾಮಿಂಗ್ ಬೇರೆ. ನಮ್ಮ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಸಂಗೀತ ಒಬ್ಬರದು, ವಾದ್ಯ ಸಂಯೋಜನೆ ಇನ್ನೊಬ್ಬರದು ಎಂದು ಬರುವುದಿಲ್ಲವೇ, ಹಾಗೆ. ಹಳೆಯ ಗೇಮುಗಳಲ್ಲಿ ಸ್ವರಗಳನ್ನು ಚಿಪ್ಪಿಗೆ ಅರ್ಥವಾಗುವ ಅಂಕಿಗಳಾಗಿ ಇಳಿಸಿದವರ ಕೈವಾಡ ರಾಗ ಕಟ್ಟಿದವರಷ್ಟೇ ಕಿವಿಗೆ ಕೇಳುತ್ತದೆ. ಅವರನ್ನು ಸಂಯೋಜಕರ ಸಾಲಿಗೆ ತಳ್ಳುವುದೂ ತಪ್ಪು, ಬಿಟ್ಟುಬಿಡುವುದೂ ತಪ್ಪು.

ಗುಪ್ತನಾಮಗಳದು ಬೇರೆಯೇ ಗೋಳು. 80ರ ದಶಕದ ಜಪಾನಿ ಗೇಮುಗಳ ಕೊನೆಯ ಪರದೆಯಲ್ಲಿ ನಿಜವಾದ ಹೆಸರು ಸಿಗುವುದು ಅಪರೂಪ. 1986ರ 'ಕ್ಯಾಸಲ್‌ವೇನಿಯಾ'ದ ಸಂಗೀತ ಯಾರದು ಎಂದು ಗೇಮನ್ನೇ ಕೇಳಿದರೆ 'ಜೇಮ್ಸ್ ಬನಾನಾ' ಎನ್ನುತ್ತದೆ. ಆ ಬಾಳೆಹಣ್ಣಿನ ಹಿಂದಿರುವವರು ಕಿನುಯೊ ಯಮಶಿತ. 'ಸ್ಟ್ರೀಟ್ ಫೈಟರ್ 2'ರಲ್ಲಿ ಯೋಕೊ ಶಿಮೊಮುರ ಅವರು 'ಶಿಮೊ-ಪಿ'. ಲೇಖನದಲ್ಲಿ ಗೇಮಿನಲ್ಲಿ ಕಂಡ ಹೆಸರನ್ನೂ ಕೊಡಬೇಕು, ನಿಜವಾದ ಹೆಸರನ್ನೂ ಕೊಡಬೇಕು, ಇವರೇ ಅವರು ಎಂಬುದಕ್ಕೆ ಸಂದರ್ಶನದಂಥ ಪ್ರತ್ಯೇಕ ಆಕರವನ್ನೂ ಕೊಡಬೇಕು. ಈ ವಿಷಯದಲ್ಲಿ ಎಲ್ಲ ಬಗೆಯ ಸಂಗೀತದ ದತ್ತಸಂಚಯವಾದ ಮ್ಯೂಸಿಕ್‌ಬ್ರೇನ್ಜ್ ಒಂದು ಹೆಜ್ಜೆ ಮುಂದಿದೆ: ಕಲಾವಿದರು ಯಾರು, ಈ ಆಲ್ಬಮ್ಮಿನ ಮೇಲೆ ಅವರ ಹೆಸರು ಹೇಗೆ ಅಚ್ಚಾಗಿದೆ, ಇವೆರಡನ್ನೂ ಬೇರೆ ಬೇರೆ ಖಾನೆಯಲ್ಲಿ ಇಡುತ್ತದೆ. ಕೃತಿ ಬೇರೆ, ಅದರ ಧ್ವನಿಮುದ್ರಣ ಬೇರೆ ಎಂಬ ಭೇದವೂ ಅಲ್ಲಿದೆ. ಮೂಲ ದತ್ತಾಂಶ ಸಿಸಿ-ಝೀರೊ ಪರವಾನಗಿಯಲ್ಲಿ ಮುಕ್ತ. ಪ್ರೋಗ್ರಾಂ ಬರೆದು ಮಾಹಿತಿ ಎಳೆಯುವವರಿಗೆ ಸೆಕೆಂಡಿಗೆ ಒಂದು ಕೋರಿಕೆಯ ಮಿತಿಯಲ್ಲಿ ಎಪಿಐ (ಪ್ರೋಗ್ರಾಂ ಮೂಲಕ ಮಾಹಿತಿ ಕೇಳುವ ದಾರಿ) ಕೂಡ ಇದೆ. ಗೇಮ್ ಆಲ್ಬಂಗಳ ಮಟ್ಟಿಗೆ ಮಾತ್ರ ವಿಜಿಎಂಡಿಬಿಯಷ್ಟು ಒತ್ತಾಗಿಲ್ಲ.

'ಸಾನಿಕ್ 3' ಇನ್ನೂ ಸೂಕ್ಷ್ಮದ ಪ್ರಕರಣ. 1994ರ ಗೇಮಿನ ಕೊನೆಯ ಪರದೆಯಲ್ಲಿ ಮೈಕೆಲ್ ಜಾಕ್ಸನ್ ಹೆಸರಿಲ್ಲ. 2022ರ 'ಸಾನಿಕ್ ಒರಿಜಿನ್ಸ್' ಸಂಕಲನದಲ್ಲಿ ಕೆಲವು ಹಂತಗಳ ಸಂಗೀತವೇ ಬದಲಾಯಿತು, ಆಗ ಸಾನಿಕ್‌ನ ಸೃಷ್ಟಿಕರ್ತರಲ್ಲಿ ಒಬ್ಬರಾದ ಯುಜಿ ನಕ ಅವರು ಜಾಕ್ಸನ್ ಪಾತ್ರವನ್ನು ಬಹಿರಂಗವಾಗಿ ಹೇಳಿದರು. ಇಂಥದ್ದನ್ನು ಮಾಹಿತಿಪೆಟ್ಟಿಗೆಯ ಸಂಯೋಜಕರ ಸಾಲಿಗೆ ಹಾಕಬೇಡಿ. ಯಾರು, ಯಾವಾಗ, ಏನೆಂದರು ಎಂಬುದನ್ನು ಒಡಲಿನಲ್ಲಿ ಬರೆಯಿರಿ.

ಟ್ರ್ಯಾಕ್ ಪಟ್ಟಿಯನ್ನು ವಿಜಿಎಂಡಿಬಿ ಜಪಾನಿ, ರೋಮಾಜಿ (ರೋಮನ್ ಲಿಪಿಯಲ್ಲಿ ಬರೆದ ಜಪಾನಿ), ಇಂಗ್ಲಿಷ್ ಎಂದು ಬೇರೆ ಬೇರೆ ಟ್ಯಾಬ್‌ಗಳಲ್ಲಿ ಕೊಡುತ್ತದೆ. ಇಂಗ್ಲಿಷ್ ಟ್ಯಾಬಿನಲ್ಲಿರುವುದು ಪ್ರಕಾಶಕರು ಕೊಟ್ಟ ಶೀರ್ಷಿಕೆಯೂ ಆಗಿರಬಹುದು, ಮಾಹಿತಿ ತುಂಬಿದವರ ಸ್ವಂತ ಅನುವಾದವೂ ಆಗಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬುಕ್‌ಲೆಟ್ಟಿನಲ್ಲೋ, ಆಮೇಲೆ ಬಂದ ಅಂತರರಾಷ್ಟ್ರೀಯ ಡಿಜಿಟಲ್ ಬಿಡುಗಡೆಯಲ್ಲೋ ಆ ಶೀರ್ಷಿಕೆ ಇದ್ದರೆ ಮಾತ್ರ ಅಧಿಕೃತ. 'ಫೈನಲ್ ಫ್ಯಾಂಟಸಿ 7'ರ ನಾಯಕಿ 1997ರ ಇಂಗ್ಲಿಷ್ ಗೇಮಿನಲ್ಲಿ 'ಏರಿಸ್', ನಂತರದ ಕೃತಿಗಳಲ್ಲಿ 'ಏರಿತ್'. ಅವಳ ಹೆಸರಿನ ಟ್ರ್ಯಾಕಿಗೂ ಎರಡು ರೂಪ ಚಲಾವಣೆಯಲ್ಲಿವೆ. ಜಪಾನಿ ಶೀರ್ಷಿಕೆ ಎರಡಕ್ಕೂ ಒಂದೇ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ಅನುಕೂಲವಿದೆ. 'ಸೂಪರ್ ಮಾರಿಯೊ'ದ ಸಂಯೋಜಕರ ಹೆಸರು ರೋಮನ್ ಲಿಪಿಯಲ್ಲಿ Koji Kondo ಎಂದು ಬಂದಾಗ ಯಾವ ಸ್ವರ ಹ್ರಸ್ವ, ಯಾವುದು ದೀರ್ಘ ಎಂದು ತಿಳಿಯುವುದೇ ಇಲ್ಲ. ಜಪಾನಿಯಲ್ಲಿ 'ಕೋ' ದೀರ್ಘ, 'ಜಿ' ಹ್ರಸ್ವ. 'ಕೊಂ' ಹ್ರಸ್ವ, 'ಡೋ' ದೀರ್ಘ. ಕೋಜಿ ಕೊಂಡೋ. ಎ-ಏ, ಒ-ಓ ಎರಡೂ ಇರುವ ನಮ್ಮ ಲಿಪಿಯಲ್ಲಿ ಇದನ್ನು ಸರಿಯಾಗಿ ಬರೆಯಬಹುದು. ರೋಮನ್ ನೋಡಿ ಅಂದಾಜಿನಲ್ಲಿ ಬರೆಯದೆ ಜಪಾನಿ ಕಾನಾ (ಉಚ್ಚಾರವನ್ನು ತೋರಿಸುವ ಲಿಪಿ) ರೂಪ ಹುಡುಕಿ ಬರೆದರೆ ಆಯಿತು. ಜಪಾನಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ ಎಂಬುದನ್ನೂ ಮರೆಯಬಾರದು.

ವಿಜಿಎಂಡಿಬಿಯ ದೊಡ್ಡ ಮಿತಿ ಅದರ ಹುಟ್ಟಿನಲ್ಲೇ ಇದೆ: ಅದು ಆಲ್ಬಂಗಳ ದಾಖಲೆ, ಗೇಮುಗಳದ್ದಲ್ಲ. ಆಲ್ಬಮ್ಮಿನಲ್ಲಿ ಇದ್ದದ್ದೆಲ್ಲ ಗೇಮಿನಲ್ಲಿ ಇರಬೇಕಿಲ್ಲ. 'ಕ್ರೋನೊ ಟ್ರಿಗರ್' ಆಲ್ಬಮ್ಮಿನ 'ಸಿಂಗಿಂಗ್ ಮೌಂಟನ್' ಟ್ರ್ಯಾಕ್ ನಿಂಟೆಂಡೊದ ಸೂಪರ್ ಫ್ಯಾಮಿಕಾಂ (ಹೊರದೇಶದಲ್ಲಿ ಸೂಪರ್ ಎನ್‌ಇಎಸ್) ಯಂತ್ರದ 1995ರ ಗೇಮಿನಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ. ಗೇಮಿನೊಳಗಿನ ಸಂಗೀತದ ಬಗ್ಗೆ ಬರೆಯಲು ಗೇಮ್ ಯಂತ್ರದ ಧ್ವನಿ ಚಿಪ್ಪಿನ ಕಡತಗಳನ್ನೇ ತೆರೆಯಬೇಕು. ಎನ್‌ಇಎಸ್‌ಗೆ ಎನ್‌ಎಸ್‌ಎಫ್, ಸೂಪರ್ ಎನ್‌ಇಎಸ್‌ಗೆ ಎಸ್‌ಪಿಸಿ, ಸೆಗಾ ಮೆಗಾಡ್ರೈವ್‌ಗೆ ವಿಜಿಎಂ. ಆ ಕಡತಗಳ ಹೆಸರಿನ ಖಾನೆಗಳನ್ನೂ ಕುರುಡಾಗಿ ನಂಬುವಂತಿಲ್ಲ. ಎನ್‌ಎಸ್‌ಎಫ್ ಕಡತದ ಶಿರೋಭಾಗದಲ್ಲಿ (ಹೆಡರ್) ಕಲಾವಿದರಿಗೆಂದು ಇರುವುದು ಒಟ್ಟು 32 ಬೈಟ್, ಕೊನೆಯ ಶೂನ್ಯ ಕಳೆದರೆ 31 ಅಕ್ಷರ. ಮೂರು ಪೂರ್ತಿ ಹೆಸರಿದ್ದರೆ ಒಂದಾದರೂ ತುಂಡಾಗುವ ಸಾಧ್ಯತೆಯೇ ಹೆಚ್ಚು. ಟ್ರ್ಯಾಕುಗಳ ಹೆಸರಿಗಂತೂ ಮೂಲ ಎನ್‌ಎಸ್‌ಎಫ್‌ನಲ್ಲಿ ಜಾಗವೇ ಇಲ್ಲ.

ಯಾವ ಆವೃತ್ತಿಯನ್ನು ಕೇಳಿ ಬರೆದದ್ದು ಎಂದು ನಮೂದಿಸದ ಲೇಖನ ಅರ್ಧ ಲೇಖನ. 1989ರ ಜಪಾನಿ 'ಅಕುಮಜೋ ದೆನ್ಸೆತ್ಸು' ಕಾರ್ಟ್ರಿಜ್ಜಿನಲ್ಲಿ ವಿಆರ್‌ಸಿ-6 ಎಂಬ ಹೆಚ್ಚುವರಿ ಚಿಪ್ಪಿದೆ. ಫ್ಯಾಮಿಕಾಮಿನ (ಎನ್‌ಇಎಸ್‌ನ ಜಪಾನಿ ರೂಪ) ಸ್ವಂತ ಐದು ಧ್ವನಿ ಚಾನೆಲ್‌ಗಳ ಮೇಲೆ ಅದು ಎರಡು ಪಲ್ಸ್, ಒಂದು ಸಾಟೂತ್ (ಎರಡೂ ಧ್ವನಿ ತರಂಗದ ಆಕಾರಗಳು) ಚಾನೆಲ್ ಸೇರಿಸುತ್ತದೆ. ಇದೇ ಗೇಮ್ 'ಕ್ಯಾಸಲ್‌ವೇನಿಯಾ 3' ಆಗಿ ಹೊರದೇಶಕ್ಕೆ ಹೋದಾಗ ಆ ಮೂರೂ ಇಲ್ಲ. ಯುರೋಪಿನ ಯಂತ್ರಗಳಲ್ಲಿ ಇನ್ನೊಂದು ಪೇಚು: ಪರದೆ 60ರ ಬದಲು 50 ಹರ್ಟ್ಝ್‌ನಲ್ಲಿ ಓಡುತ್ತದೆ, ಸಂಗೀತದ ತಾಳ ಪರದೆಯ ಲೆಕ್ಕಕ್ಕೇ ಕಟ್ಟುಬಿದ್ದಿರುತ್ತದೆ, ಹೊಂದಿಸದೆ ಬಿಟ್ಟ ಗೇಮುಗಳಲ್ಲಿ ವೇಗ ಸುಮಾರು 17 ಶೇಕಡ ಇಳಿಯುತ್ತದೆ. ವೇಗದ ಅಂಕಿ ಕೊಟ್ಟರೆ ಪ್ರದೇಶವನ್ನೂ ಕೊಡಲೇಬೇಕು.

ಅವಧಿಯದೂ ಇದೇ ಕಥೆ. ಗೇಮಿನ ಸಂಗೀತ ಸುತ್ತುತ್ತಲೇ ಇರುತ್ತದೆ. ಆಲ್ಬಮ್ಮಿಗೆ ಹಾಕುವಾಗ ಸಾಮಾನ್ಯವಾಗಿ ಎರಡು ಸುತ್ತು ನುಡಿಸಿ ಮೆಲ್ಲಗೆ ಆರಿಸುತ್ತಾರೆ. ವಿಜಿಎಂಡಿಬಿಯಲ್ಲಿ ಕಾಣುವ ಅವಧಿ ಇದು, ಕೃತಿಯ ಉದ್ದ ಅಲ್ಲ. ನಿಜವಾದ ಸುತ್ತಿನ ಉದ್ದ ಬೇಕಿದ್ದರೆ ವಿಜಿಎಂ ಕಡತದ ಶಿರೋಭಾಗದಲ್ಲಿ ಲೂಪ್ ಸ್ಯಾಂಪಲ್‌ಗಳ (ಒಂದು ಸುತ್ತಿನಲ್ಲಿರುವ ಧ್ವನಿಯ ಸಣ್ಣ ಕಾಲಘಟಕಗಳ) ಸಂಖ್ಯೆ ಇರುತ್ತದೆ, ಅದನ್ನು 44,100ರಿಂದ ಭಾಗಿಸಿದರೆ ಸೆಕೆಂಡು ಬರುತ್ತದೆ. 21,16,800 ಇದ್ದರೆ 48 ಸೆಕೆಂಡು.

ಈ ಲೆಕ್ಕ ಧ್ವನಿ ತುಣುಕು ಏರಿಸುವಾಗಲೂ ಬೇಕಾಗುತ್ತದೆ. ಹಕ್ಕುಸ್ವಾಮ್ಯವಿರುವ ಸಂಗೀತದ ತುಣುಕು 30 ಸೆಕೆಂಡು ಅಥವಾ ಮೂಲದ 10 ಶೇಕಡ, ಯಾವುದು ಕಡಿಮೆಯೋ ಅಷ್ಟನ್ನು ಮೀರಬಾರದು ಎಂಬುದು ಇಂಗ್ಲಿಷ್ ವಿಕಿಪೀಡಿಯದ ಕಟ್ಟಳೆ. ಆಲ್ಬಮ್ಮಿನಲ್ಲಿ 1 ನಿಮಿಷ 45 ಸೆಕೆಂಡು ಎಂದಿರುವ ಟ್ರ್ಯಾಕಿಗೆ 10.5 ಸೆಕೆಂಡು ಸಿಗುತ್ತದೆ. 48 ಸೆಕೆಂಡಿನ ಒಂದು ಸುತ್ತನ್ನೇ ಮೂಲವೆಂದು ಹಿಡಿದರೆ 4.8. ವಾದ ಬೇಡವೆನ್ನುವವರು ಚಿಕ್ಕದನ್ನೇ ಕತ್ತರಿಸಿ, ಯಾವ ಮುದ್ರಣದ ಎಷ್ಟನೇ ಡಿಸ್ಕಿನ ಎಷ್ಟನೇ ಟ್ರ್ಯಾಕ್ ಎಂಬುದನ್ನು ಕಡತದ ವಿವರಣೆಯಲ್ಲಿ ಬರೆಯುತ್ತಾರೆ. ಆ ಡಿಸ್ಕಿನ ಸಂಖ್ಯೆ, ಟ್ರ್ಯಾಕಿನ ಸಂಖ್ಯೆ ಹುಡುಕಲು ಮತ್ತೆ ವಿಜಿಎಂಡಿಬಿಗೇ ಹೋಗಬೇಕು.