ಅಮೆರಿಕದ ಕ್ಯಾಂಪಸ್ ಹೆಲ್ತ್ ಸೆಂಟರ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಹೆಲ್ತ್ ಸೆಂಟರ್‌ಗೆ ಐದಕ್ಕೆ ನಾಲ್ಕು. ಅದರ ಜೊತೆ ಕಡ್ಡಾಯವಾಗಿ ಕೊಳ್ಳಬೇಕಾದ ಇನ್ಶೂರೆನ್ಸ್‌ಗೆ ಎರಡು. ಲಸಿಕೆ ದಾಖಲೆ ಅಪ್‌ಲೋಡ್ ಮಾಡುವ ಪೋರ್ಟಲ್‌ಗೆ ಒಂದು, ಅದೂ ಪಾಪ ಅಂತ. ನಾನು ಎಂಎಸ್ ಮಾಡಿದ್ದು ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ. ಹೆಸರು ಬೇಡ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ಕಾಲೇಜಿಂದ ಕಾಲೇಜಿಗೆ ಸ್ವಲ್ಪ ಬದಲಾಗುತ್ತವೆ, ಆದರೆ ತಲೆನೋವು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ.

ಶುರುವಾಗುವುದೇ ಎಂಎಂಆರ್ ಲಸಿಕೆಯಿಂದ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಎರಡು ಡೋಸ್ ಆಗಿರಬೇಕು, ನಡುವೆ ಕನಿಷ್ಠ 28 ದಿನದ ಅಂತರ ಇರಬೇಕು. ನಮ್ಮವರು ಎಡವುವುದು ಇಲ್ಲೇ. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಮೊದಲು ದಡಾರ ಮಾತ್ರ ಇತ್ತು, 2017ರಿಂದ ರುಬೆಲ್ಲಾ ಸೇರಿತು, ಮಂಗನಬಾವಿನ ಲಸಿಕೆ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅಮ್ಮ ಬೀರುವಿನಲ್ಲಿ ಜೋಪಾನವಾಗಿಟ್ಟ ಕಾರ್ಡು ತೋರಿಸಿದರೂ ಅವರಿಗೆ ಸಾಲದು. ರಕ್ತ ಪರೀಕ್ಷೆ ಮಾಡಿಸಿ ರೋಗನಿರೋಧಕ ಶಕ್ತಿ ಇದೆ ಅಂತ ತೋರಿಸಬಹುದು. ಇಲ್ಲವಾದರೆ ಸುಮ್ನೆ ಮತ್ತೆ ಎರಡು ಡೋಸ್ ಹಾಕಿಸಿಕೊಳ್ಳುವುದೇ ಸುಲಭ. ದಾಖಲೆ ಸರಿ ಹೋಗುವವರೆಗೆ ಅಕೌಂಟಿಗೆ ಹೋಲ್ಡ್ ಹಾಕುತ್ತಾರೆ, ಮುಂದಿನ ಸೆಮಿಸ್ಟರ್‌ನ ಕೋರ್ಸ್ ರಿಜಿಸ್ಟರ್ ಮಾಡಲು ಆಗುವುದಿಲ್ಲ. ನನ್ನ ಫಾರ್ಮನ್ನು ಪೋರ್ಟಲ್ ತಿರಸ್ಕರಿಸಿದ್ದು ಡಾಕ್ಟರ ಸೀಲು ಮಸುಕಾಗಿದೆ ಅಂತ. ಲಸಿಕೆ ಅಲ್ಲ, ಸೀಲು!

ಎರಡನೆಯದು ಟಿಬಿ ಪರೀಕ್ಷೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡು ಬಗೆ ಇದೆ. ಒಂದರಲ್ಲಿ ಮುಂಗೈ ಒಳಭಾಗದ ಚರ್ಮದಡಿ ಚುಚ್ಚುತ್ತಾರೆ, 48ರಿಂದ 72 ಗಂಟೆಯೊಳಗೆ ಹೋಗಿ ತೋರಿಸಬೇಕು. ನಮ್ಮ ಸೆಂಟರ್‌ನಲ್ಲಿ ಗುರುವಾರ ಚುಚ್ಚುತ್ತಲೇ ಇರಲಿಲ್ಲ, ನೋಡುವ ದಿನ ವಾರಾಂತ್ಯಕ್ಕೆ ಬೀಳುತ್ತದಲ್ಲ. ನನ್ನ ರೂಮ್‌ಮೇಟ್ ಜೊತೆ ನಾನೂ ಹೋಗಿದ್ದೆ. ನರ್ಸ್ ಕೆಂಪಾದ ಜಾಗವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಬೆರಳಲ್ಲಿ ಸವರಿ, ಗಟ್ಟಿಯಾದ ಊತದ ಅಂಚು ಎಲ್ಲಿದೆ ಅಂತ ಪೆನ್ನಿನಿಂದ ಗೆರೆ ಎಳೆದು, ಪುಟ್ಟ ಸ್ಕೇಲಿಟ್ಟು ಅಳೆದರು. ಟಿಬಿ ಜಾಸ್ತಿ ಇರುವ ದೇಶದಿಂದ ಹೊಸದಾಗಿ ಬಂದವರಿಗೆ 10 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್. ಅವನದು ದಾಟಿತ್ತು. ಚಿಕ್ಕವರಿದ್ದಾಗ ಟಿಬಿ ತಡೆಯಲು ಹಾಕಿದ ಬಿಸಿಜಿ ಲಸಿಕೆಯಿಂದಲೂ ಹೀಗಾಗಬಹುದು. ಅದಕ್ಕೇ ನೀವು ಎರಡನೆಯ ಬಗೆಯನ್ನೇ ಕೇಳಿ: ಐಜಿಆರ್‌ಎ ಎಂಬ ರಕ್ತ ಪರೀಕ್ಷೆ. ಬಿಸಿಜಿ ಅದನ್ನು ಕೆಡಿಸುವುದಿಲ್ಲ, ಮತ್ತೆ ಹೋಗಿ ಕೈ ತೋರಿಸುವ ರಗಳೆಯೂ ಇಲ್ಲ. ಅವನಿಗೂ ಆಮೇಲೆ ಅದನ್ನೇ ಮಾಡಿದರು, ನೆಗೆಟಿವ್ ಬಂತು. ಅದೂ ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಎಕ್ಸ್‌ರೇ ಚೆನ್ನಾಗಿದ್ದು ಬೇರೆ ಲಕ್ಷಣವೂ ಇಲ್ಲದಿದ್ದರೆ ಅದು ಮಲಗಿರುವ ಸೋಂಕು, ಇನ್ನೊಬ್ಬರಿಗೆ ಅಂಟುವುದಿಲ್ಲ.

ಇನ್ನೊಂದು ಮಾತು. ಎಂಎಂಆರ್ ಹಾಕಿಸಿಕೊಂಡ ಮೇಲೆ ಕೆಲವು ವಾರ ಟಿಬಿ ಪರೀಕ್ಷೆಯ ಫಲಿತಾಂಶ ತಪ್ಪಾಗಬಹುದು. ಎರಡನ್ನೂ ಒಂದೇ ದಿನ ಮಾಡಿಸಿ, ಇಲ್ಲವೇ ನಾಲ್ಕು ವಾರ ಬಿಟ್ಟು ಮಾಡಿಸಿ. ಈ ವಿಷಯ ಆ ಫಾರ್ಮಿನಲ್ಲಿ ಎಲ್ಲೂ ಬರೆದಿರಲಿಲ್ಲ.

ಇಷ್ಟು ದಾಟಿದರೆ ಸೆಂಟರ್ ನಿಜಕ್ಕೂ ಚೆನ್ನಾಗಿದೆ. ಹೆಲ್ತ್ ಫೀಸ್ ಹೇಗೂ ಟ್ಯೂಷನ್ ಬಿಲ್ಲಿನಲ್ಲೇ ಸೇರಿರುತ್ತದೆ, ಹಾಗಾಗಿ ಜ್ವರ, ಅಲರ್ಜಿಗೆಲ್ಲ ಕೈಯಿಂದ ದುಡ್ಡು ಕೊಡಬೇಕಿರಲಿಲ್ಲ. ಹೆಚ್ಚಿನ ಸಲ ನೋಡುವವರು ಡಾಕ್ಟರ್ ಅಲ್ಲ, ನರ್ಸ್ ಪ್ರಾಕ್ಟಿಷನರ್, ಅಂದರೆ ಹೆಚ್ಚಿನ ತರಬೇತಿ ಪಡೆದು ತಾವೇ ಪರೀಕ್ಷಿಸಿ ಔಷಧ ಬರೆಯುವ ನರ್ಸ್. ಮೊದಲು ಒಂಥರಾ ಅನ್ನಿಸಿತು. ಆದರೆ ಅವರು ಕುಳಿತು ಕೇಳುವಷ್ಟು ತಾಳ್ಮೆಯಿಂದ ಯಾರೂ ನನ್ನ ಕೆಮ್ಮಿನ ಕಥೆ ಕೇಳಿರಲಿಲ್ಲ. ಶೀತಕ್ಕೆ ಆಂಟಿಬಯೋಟಿಕ್ ಮಾತ್ರ ಕೊಡುವುದಿಲ್ಲ, ಎಷ್ಟು ಕೇಳಿದರೂ. ಸರಿಯೇ ಅದು. ಕೌನ್ಸೆಲಿಂಗ್ ಕೂಡ ಅಲ್ಲೇ ಇದೆ, ಆದರೆ ಪರೀಕ್ಷೆಯ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಮನಸ್ಸಿಗೆ ತೀರಾ ಸಂಕಟವಾದರೆ 988 ಎಂಬ ಸಹಾಯವಾಣಿಗೆ ಕರೆ ಮಾಡಬಹುದು, ಹಗಲು ರಾತ್ರಿ ಯಾರಾದರೂ ಎತ್ತುತ್ತಾರೆ.

ಇನ್ನು ಇನ್ಶೂರೆನ್ಸ್. ಜೆ-1 ವೀಸಾದವರಿಗೆ (ವಿನಿಮಯ ಕಾರ್ಯಕ್ರಮದಲ್ಲಿ ಬಂದವರು) ಸರ್ಕಾರವೇ ನಿಯಮ ಮಾಡಿದೆ, ಒಂದು ಕಾಯಿಲೆಗೆ ಕನಿಷ್ಠ 1 ಲಕ್ಷ ಡಾಲರ್ ಕವರ್ ಇರಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಕೇಂದ್ರ ಸರ್ಕಾರದ ಅಂಥ ನಿಯಮವಿಲ್ಲ, ಕಡ್ಡಾಯ ಮಾಡುವುದು ಯೂನಿವರ್ಸಿಟಿ. ಕ್ಯಾಂಪಸ್ ಗೇಟು ದಾಟಿದ ಕೂಡಲೇ ಅಸಲಿ ಲೆಕ್ಕ ಶುರು. ಒಂದು ಶನಿವಾರ ಕಾಲು ಉಳುಕಿ ಎಮರ್ಜೆನ್ಸಿಗೆ ಹೋದೆ. ಕೆಲವು ವಾರದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಮನೆಗೊಂದು ಲಕೋಟೆ ಬಂತು. ದೊಡ್ಡ ಮೊತ್ತ, ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಬಿಲ್ ಅಲ್ಲ’. ನಿಟ್ಟುಸಿರು ಬಿಟ್ಟೆ. ಆಮೇಲೆ ಬಿಲ್ಲೂ ಬಂತು. ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಾವೇ ಭರಿಸಬೇಕಾದ ಮೊತ್ತ) ಮುಗಿಯುವವರೆಗೆ ಪೂರ್ತಿ ನಮ್ಮ ಕೈಯಿಂದ, ಆಮೇಲೂ ಒಂದು ಪಾಲು ನಮ್ಮದೇ. ಉಳುಕಿನಂಥದ್ದಕ್ಕೆ ಪ್ಲಾನಿನ ನೆಟ್‌ವರ್ಕ್‌ನಲ್ಲಿರುವ, ಅಂದರೆ ಇನ್ಶೂರೆನ್ಸ್ ಜೊತೆ ಒಪ್ಪಂದವಿರುವ, ಅರ್ಜೆಂಟ್ ಕೇರ್ (ಸಣ್ಣಪುಟ್ಟ ತುರ್ತಿಗೆ ನೋಡುವ ಕ್ಲಿನಿಕ್) ಸಾಕು. ಯಾವುದು ನೆಟ್‌ವರ್ಕ್‌ನಲ್ಲಿದೆ ಅಂತ ಆರೋಗ್ಯವಾಗಿರುವಾಗಲೇ ನೋಡಿಟ್ಟುಕೊಳ್ಳಿ.

ಹಲ್ಲು, ಕಣ್ಣು ನಮ್ಮ ಪ್ಲಾನಿನಲ್ಲಿ ಇರಲೇ ಇಲ್ಲ. ಹೊರಡುವ ಮೊದಲೇ ಹಲ್ಲಿನ ಕೆಲಸ ಮುಗಿಸಿ, ಇನ್ನೊಂದು ಜೊತೆ ಕನ್ನಡಕ ಮಾಡಿಸಿ ಬ್ಯಾಗಿಗೆ ಹಾಕಿಕೊಳ್ಳಿ.