ಟ್ವೈಲೈಟ್ ನಾಲ್ಕರ ಸೆಟ್: ಪೂರ್ತಿ ತಗೋಬೇಕಾ, ಮೊದಲನೇದು ಸಾಕಾ?

ಈ ಪುಸ್ತಕಗಳು ಹೊಸವೇನಲ್ಲ. ಒಬ್ಬ ಹುಡುಗಿ ಮತ್ತು ರಕ್ತ ಕುಡಿದು ಬದುಕುವ ವ್ಯಾಂಪೈರ್ ಹುಡುಗನ ಪ್ರೇಮಕಥೆ, ಸ್ಟೆಫನಿ ಮೇಯರ್ ಬರೆದ ‘ಟ್ವೈಲೈಟ್’ ಬಂದಿದ್ದು 2005ರಲ್ಲಿ. ಆಮೇಲೆ ವರ್ಷಕ್ಕೊಂದರಂತೆ ‘ನ್ಯೂ ಮೂನ್’, ‘ಎಕ್ಲಿಪ್ಸ್’, ‘ಬ್ರೇಕಿಂಗ್ ಡಾನ್’ ಬಂದು 2008ಕ್ಕೆ ಕಥೆ ಮುಗಿಯಿತು. ನಾನು ಮೊದಲನೆಯದನ್ನು ಓದಿದ್ದು ಮಡಿಕೇರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದಾಗ. ಇಡೀ ಹಾಸ್ಟೆಲ್ಲಿಗೆ ಒಂದೇ ಪ್ರತಿ. ಅದು ಕೈಯಿಂದ ಕೈಗೆ ದಾಟಿ ನನ್ನ ಸರದಿ ಬರುವ ಹೊತ್ತಿಗೆ ಕೊನೆಯ ಪುಟಗಳೇ ಕಿತ್ತುಹೋಗಿದ್ದವು. ಅಂದರೆ ಇಷ್ಟು ವರ್ಷ ನನಗೆ ಗೊತ್ತಿದ್ದ ಟ್ವೈಲೈಟ್‌ಗೆ ಕೊನೆಯೇ ಇರಲಿಲ್ಲ. ಈ ಸಲ ಕಕ್ಕಡದ, ಅಂದರೆ ಕೊಡಗಿನ ಆಟಿ ತಿಂಗಳ ಮಳೆಗೆ ಹೇಗೂ ಮನೆಯಲ್ಲೇ ಕೂರಬೇಕಲ್ಲ ಅಂತ ನಾಲ್ಕೂ ಇರುವ ಪೆಟ್ಟಿಗೆ ಸೆಟ್ಟನ್ನು ಆನ್‌ಲೈನಿನಲ್ಲಿ ತರಿಸಿದೆ. ಮುಂದೆ ಈ ನಾಲ್ಕರ ಕಥೆಯನ್ನೂ ಬೇರೆ ಕೆಲವು ಪುಸ್ತಕಗಳ ಗುಟ್ಟನ್ನೂ ಹೇಳಿಬಿಡುತ್ತೇನೆ. ಓದಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ.

ಮೊದಲು ಪೆಟ್ಟಿಗೆ. ನಾಪೋಕ್ಲಿನಿಂದ ಒಳಗಿರುವ ನಮ್ಮ ತೋಟದವರೆಗೆ ಕೊರಿಯರ್‌ನವರು ಬರುವುದಿಲ್ಲ, ಪೇಟೆಯ ಅಂಗಡಿಯೊಂದರಲ್ಲಿ ಇಟ್ಟು ಫೋನ್ ಮಾಡುತ್ತಾರೆ. ಈ ಸಲ ಫೋನೂ ಇಲ್ಲ. ನಾನಾಗಿ ವಿಚಾರಿಸಿ ಹೋಗಿ ತರುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು, ಪೆಟ್ಟಿಗೆಯ ಒಂದು ಮೂಲೆ ನೆಂದು ಹಪ್ಪಳದ ಹಾಗೆ ಉಬ್ಬಿತ್ತು. ಪುಸ್ತಕಗಳು ಹೇಗೋ ಬಚಾವ್. ಕಾಗದ ತೆಳು, ಅಕ್ಷರ ಪರವಾಗಿಲ್ಲ, ಕನ್ನಡಕ ಇಲ್ಲದೆ ಓದಬಹುದು. ಆದರೆ ನಾಲ್ಕಕ್ಕೂ ಕಪ್ಪು ಕವರ್. ಚೆಂದವೇನೋ ಇದೆ, ಮೊದಲನೆಯದರಲ್ಲಿ ಕಪ್ಪಿನ ಮೇಲೆ ಕೆಂಪು ಸೇಬು ಹಿಡಿದ ಬಿಳಿ ಕೈಗಳು, ಯಾರು ಬೇಡ ಅಂತಾರೆ. ನಮ್ಮೂರಿನ ಜುಲೈಯಲ್ಲಿ ಮಾತ್ರ ಕಪ್ಪು ಅಂದರೆ ವಾರದೊಳಗೆ ಬೂದು ಬಣ್ಣ. ಬೂಷ್ಟು! ತೇವ ಹಿಡಿಯದಿರಲಿ ಅಂತ ಬೀರುವಿನಲ್ಲಿ ಬಲ್ಬ್ ಉರಿಸಿಡುತ್ತೇವಲ್ಲ, ಅಲ್ಲಿ ರೇಷ್ಮೆ ಸೀರೆಗಳನ್ನು ಒತ್ತರಿಸಿ ಇವಕ್ಕೆ ಜಾಗ ಮಾಡಿದೆ. ಕರೆಂಟು ಇದ್ದರೆ ತಾನೇ ಬಲ್ಬು, ಅದು ಬೇರೆ ಮಾತು.

ಈಗ ಕಥೆ. ಬೆಲ್ಲಾ ಅನ್ನುವ ಹದಿನೇಳರ ಹುಡುಗಿ ಬಿಸಿಲೂರು ಫೀನಿಕ್ಸ್ ಬಿಟ್ಟು ಫೋರ್ಕ್ಸ್ ಅನ್ನುವ ಊರಿಗೆ, ಅಪ್ಪನ ಮನೆಗೆ ಬರುತ್ತಾಳೆ. ಫೋರ್ಕ್ಸ್ ನಿಜವಾಗಿಯೂ ಇದೆ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಮಳೆಗೇ ಹೆಸರಾದ ಊರು. ವ್ಯಾಂಪೈರ್ ಕುಟುಂಬವೊಂದು ಅಲ್ಲಿ ನೆಲೆಸಿರುವುದೇ ಬಿಸಿಲು ಕಡಿಮೆ ಅಂತ. ಬಿಸಿಲಿಗೆ ಬಂದರೆ ಅವರ ಮೈ ಮಿನುಗಿ ಗುಟ್ಟು ರಟ್ಟಾಗುತ್ತದೆ. ಓದುತ್ತಾ ನಗು ಬಂತು. ಬಿಸಿಲೇ ಬೇಡ ಅಂದರೆ ಭಾಗಮಂಡಲಕ್ಕೆ ಬರಬಹುದಿತ್ತಲ್ಲ, ಮಳೆಗಾಲವಿಡೀ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಶಾಲೆಗೂ ಜಿಲ್ಲಾಧಿಕಾರಿಯೇ ರಜೆ ಕೊಡುತ್ತಿದ್ದರು. ಆದರೆ ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಾ ಇದ್ದು, ಕರೆಂಟು ಹೋಗಿ, ಸೋಲಾರ್ ದೀಪದ ಬೆಳಕಿನಲ್ಲಿ ಇದನ್ನು ಓದುವ ಸುಖ ಬೇರೆ ಊರಿನವರಿಗೆ ಸಿಗುವುದು ಕಷ್ಟ. ಆ ಕುಟುಂಬದ ಹುಡುಗ ಎಡ್ವರ್ಡ್ ಬೆಲ್ಲಾಳ ಶಾಲೆಯಲ್ಲೇ ಇದ್ದಾನೆ, ಬೇರೆಯವರ ಮನಸ್ಸು ಓದಬಲ್ಲವನು. ಅವನು ಯಾರು, ಏನು, ಯಾಕೆ ಅವಳ ಮನಸ್ಸು ಮಾತ್ರ ಅವನಿಗೆ ಓದಲು ಆಗುವುದಿಲ್ಲ, ಅವಳನ್ನು ಪ್ರೀತಿಸುತ್ತಾನಾ ತಿಂದುಬಿಡುತ್ತಾನಾ? ಈ ಎರಡು ಭಯ ಒಂದೇ ದಾರದಲ್ಲಿ ಹೆಣೆದುಕೊಂಡಿವೆ, ಅದಕ್ಕೇ ಪುಸ್ತಕ ಓಡುತ್ತದೆ. ಬರವಣಿಗೆ ಅಂಥಾದ್ದೇನಲ್ಲ. ಅವನ ಮುಖ ಎಷ್ಟು ಸುಂದರ ಅನ್ನುವುದನ್ನು ಎಷ್ಟು ಸಲ ಹೇಳಿದ್ದಾರೆ ಅಂತ ಎಣಿಸಲು ಹೋಗಿ ಕೈಬಿಟ್ಟೆ. ಆದರೂ ಎರಡೇ ರಾತ್ರಿಯಲ್ಲಿ ಮುಗಿಸಿದೆ, ಕೊನೆಯ ಪುಟಗಳ ಸಮೇತ.

ಎರಡನೆಯದು, ‘ನ್ಯೂ ಮೂನ್’. ಇಲ್ಲಿ ಏನು ಮಾಡಿದ್ದಾರೆ ನೋಡಿ. ಪ್ರೀತಿ ಆಗಿಹೋಗಿದೆ, ಗುಟ್ಟು ಗೊತ್ತಾಗಿಹೋಗಿದೆ, ಕಾಯಲು ಏನೂ ಉಳಿದಿಲ್ಲ. ಹಾಗಾಗಿ ಹುಡುಗನನ್ನೇ ಊರು ಬಿಡಿಸಿ ಕಳಿಸಿದ್ದಾರೆ. ನಿನ್ನ ಒಳ್ಳೆಯದಕ್ಕೇ ಹೋಗುತ್ತಿದ್ದೇನೆ ಅನ್ನುವ ಅದೇ ಹಳೇ ಕಾರಣ. ಅವನು ಹೋದ ಮೇಲೆ ಪುಟ ತಿರುಗಿಸಿದರೆ ‘ಅಕ್ಟೋಬರ್’ ಅಂತಷ್ಟೇ ಇದೆ, ಕೆಳಗೆಲ್ಲಾ ಖಾಲಿ. ಮುಂದೆ ನವೆಂಬರ್, ಡಿಸೆಂಬರ್, ಜನವರಿ, ಎಲ್ಲಾ ಖಾಲಿ. ಪಕ್ಕದಲ್ಲಿ ಕೂತಿದ್ದ ಮಾವ ಇಣುಕಿ ನೋಡಿ, “ಇದೇನಮ್ಮಾ, ಪ್ರಿಂಟೇ ಆಗಿಲ್ವಲ್ಲ, ವಾಪಸ್ ಕಳಿಸು” ಅಂದರು. ಅಲ್ಲ ಮಾವ, ಅವಳಿಗೆ ದುಃಖ, ದಿನ ಹೋಗಿದ್ದೇ ಗೊತ್ತಾಗಿಲ್ಲ, ಅದಕ್ಕೆ ಹೀಗೆ ಬಿಟ್ಟಿದ್ದಾರೆ ಅಂತ ಹೇಳಿದೆ. ಮಾವ ದಿನಾ ಬೆಳಗ್ಗೆ ಮಳೆ ಅಳೆದು ಬರೆದಿಡುವವರು. “ನನ್ನ ಮಳೆ ಪುಸ್ತಕದಲ್ಲಿ ತಿಂಗಳ ಹೆಸರಿನ ಕೆಳಗೆ ಇಂಚಾದ್ರೂ ಇರ್ತದೆ” ಅಂದು ಎದ್ದು ಹೋದರು.

ನನಗೂ ಆಗ ಮೋಸ ಅನ್ನಿಸಿತು. ಆಮೇಲೆ ಯೋಚಿಸಿದರೆ, ಇಡೀ ಪುಸ್ತಕದಲ್ಲಿ ಹೊಸದು ಅಂತ ಇರುವುದೇ ಆ ನಾಲ್ಕು ಖಾಲಿ ಪುಟ, ಮತ್ತೆ ಬೈಕ್ ರಿಪೇರಿ ಮಾಡುವ ಜೇಕಬ್, ಬೆಲ್ಲಾಳನ್ನು ಪ್ರೀತಿಸುವ, ತೋಳವಾಗಿ ಬದಲಾಗಬಲ್ಲ ಗೆಳೆಯ. ಮಿಕ್ಕಿದ್ದು ಕಾಯಿಸುವ ಕೆಲಸ. ಅವಳು ಅಪಾಯಕ್ಕೆ ಕೈ ಹಾಕಿದರೆ ಅವನ ದನಿ ಕೇಳಿಸುತ್ತದೆ ಅಂತ ಬೈಕಿನಿಂದ ಬೀಳುವುದು, ಬಂಡೆಯಿಂದ ಸಮುದ್ರಕ್ಕೆ ಹಾರುವುದು. ಬೇರೆ ಹುಡುಗಿ ಆಗಿದ್ದರೆ ಅಮ್ಮ ಎರಡು ಕೊಟ್ಟು ಕೂರಿಸುತ್ತಿದ್ದರು.

ಕಾಫಿ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಹೂಮಳೆ ಬಂದು ತೋಟ ಬೆಳ್ಳಗಾದರೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಅದಾಗಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ ಬರಬೇಕು, ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಎರಡೂ ಮಳೆಯೇ, ಆದರೆ ಎರಡನೆಯದು ಮತ್ತೆ ಹೂ ಅರಳಿಸಲಿಕ್ಕೆ ಬರುವುದಲ್ಲ, ಅದರ ಕೆಲಸ ಬೇರೆ. ಈ ಪ್ರೇಮಕಥೆಗಳ ಎರಡನೇ ಪುಸ್ತಕ ಕೆಡುವುದೇ ಇಲ್ಲಿ. ಮೊದಲನೆಯದರ ಹೂವನ್ನೇ ಮತ್ತೆ ಅರಳಿಸಲು ಹೋಗುತ್ತಾರೆ. ಜೋಡಿಯನ್ನು ಬೇರೆ ಮಾಡು, ಓದುಗರನ್ನು ಅಳಿಸು, ಕೊನೆಗೆ ಸೇರಿಸು.

ಕೆಲಸ ಬದಲಿಸಿದವರೂ ಇದ್ದಾರೆ. ಸಾರಾ ಜೆ. ಮಾಸ್ ಬರೆದ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ 2015ರದ್ದು. ಯಕ್ಷಲೋಕದಂಥ ಒಂದು ಲೋಕ, ಶಾಪ, ಆ ಶಾಪ ಕಳೆಯಲು ಪ್ರಾಣ ಕೊಡಲೂ ತಯಾರಾದ ಹುಡುಗಿ. ಮೊದಲ ಪುಸ್ತಕ ನನಗೆ ಸಾಧಾರಣ ಅನ್ನಿಸಿತ್ತು. ಮರುವರ್ಷ ಬಂದ ‘ಎ ಕೋರ್ಟ್ ಆಫ್ ಮಿಸ್ಟ್ ಆ್ಯಂಡ್ ಫ್ಯೂರಿ’ ಆ ಮೊದಲ ಪುಸ್ತಕವನ್ನೇ ಪ್ರಶ್ನೆ ಮಾಡುತ್ತದೆ. ಅಷ್ಟೆಲ್ಲಾ ಕಷ್ಟಪಟ್ಟು ಉಳಿಸಿಕೊಂಡ ಹುಡುಗ, ಕಾಪಾಡುತ್ತೇನೆ ಅಂತ ಹೇಳಿ ಅವಳನ್ನು ಮನೆಯೊಳಗೇ ಕೂಡಿಹಾಕುತ್ತಾನೆ. ಅವಳಿಗೆ ರಾತ್ರಿ ನಿದ್ದೆ ಇಲ್ಲ, ಊಟ ನಿಲ್ಲುತ್ತಿಲ್ಲ, ಅವನು ಕಂಡೂ ಕಾಣದ ಹಾಗಿದ್ದಾನೆ. ಅವಳು ಎದ್ದು ಹೊರಡುತ್ತಾಳೆ, ಮೊದಲ ಪುಸ್ತಕದಲ್ಲಿ ನಾವು ಬೈದುಕೊಂಡಿದ್ದವನ ಕಡೆಗೆ! ಇದು ಧೈರ್ಯ. ಒಬ್ಬ ಬರಹಗಾರ್ತಿ ತಾನೇ ಕಟ್ಟಿದ ಜೋಡಿಯನ್ನು ತಾನೇ ಒಡೆದು, ಅದು ಸರಿ ಅಂತ ನನ್ನನ್ನೂ ಒಪ್ಪಿಸಿಬಿಟ್ಟಳು. ಮೊದಲನೆಯದಕ್ಕಿಂತ ಎರಡನೆಯದು ಚೆನ್ನಾಗಿದೆ ಅಂತ ಕಣ್ಣು ಮುಚ್ಚಿ ಹೇಳುವುದು ನಾನು ಇದೊಂದನ್ನೇ.

ಇನ್ನೊಂದು ಉಪಾಯ ‘ಬ್ರಿಜರ್ಟನ್’ ಪುಸ್ತಕಗಳದ್ದು. ಒಂದು ಮನೆ, ಎಂಟು ಮಕ್ಕಳು, ಎಂಟು ಪುಸ್ತಕ. ಒಬ್ಬೊಬ್ಬರ ಮದುವೆಗೆ ಒಂದೊಂದು. ನಮ್ಮಲ್ಲಿ ದೊಡ್ಡ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಮದುವೆ ಸಾಲುಸಾಲಾಗಿ ಬರುತ್ತದಲ್ಲ, ಹಾಗೆ. ಹಳೇ ಜೋಡಿ ಮೂಲೆಯಲ್ಲಿ ಕೂತು ಊಟ ಮಾಡುತ್ತಿರುತ್ತದೆ, ನಾವು ಹೊಸ ಜೋಡಿಯನ್ನು ನೋಡುತ್ತೇವೆ. ಕಾಯುವ ಸುಖ ಪ್ರತಿ ಸಲ ಹೊಸದು, ಹಾಗಾಗಿ ಯಾರನ್ನೂ ಸುಮ್ನೆ ಬೇರೆ ಮಾಡುವ ಅಗತ್ಯವೇ ಇಲ್ಲ.

‘ಔಟ್‌ಲ್ಯಾಂಡರ್’ ಎರಡನೇ ಭಾಗವೂ ಜಾಣತನದ್ದು. ಕಾಲದಲ್ಲಿ ಹಿಂದಕ್ಕೆ ಜಾರಿ 1743ರ ಸ್ಕಾಟ್ಲೆಂಡಿಗೆ ಹೋಗಿದ್ದ ನರ್ಸು ಎರಡನೇ ಪುಸ್ತಕದ ಮೊದಲಲ್ಲೇ 1968ರಲ್ಲಿ ಇದ್ದಾಳೆ, ಜೊತೆಗೆ ಬೆಳೆದ ಮಗಳು, ಆ ಹಳೇ ಕಾಲದಲ್ಲಿ ಮದುವೆಯಾದ ಗಂಡ ಮಾತ್ರ ಇಲ್ಲ. ಏನಾಯಿತು? ಅಷ್ಟು ಸಾಕು, ದಪ್ಪ ಪುಸ್ತಕವನ್ನೂ ಹಿಡಿದು ಕೂರುತ್ತೀರಿ. ಇನ್ನು ‘ಮಿ ಬಿಫೋರ್ ಯು’ ನಂತರದ ‘ಆಫ್ಟರ್ ಯು’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲನೆಯದರಲ್ಲಿ ನಾಯಕ ಸತ್ತಾಗ ನಾನು ಅತ್ತಿದ್ದು ನಿಜ. ಅವನಿಗೇ ಗೊತ್ತಿಲ್ಲದ ಮಗಳೊಬ್ಬಳನ್ನು ಎರಡನೆಯದರಲ್ಲಿ ಕರೆತಂದಾಗ ಆ ಅಳುವೇ ದಂಡವಾಯಿತಲ್ಲ ಅನ್ನಿಸಿತು. ಡ್ರ್ಯಾಗನ್‌ಗಳ ‘ಫೋರ್ತ್ ವಿಂಗ್’ ಮತ್ತು ‘ಐರನ್ ಫ್ಲೇಮ್’ ಎರಡೂ 2023ರಲ್ಲೇ ಬಂದವು, ಆರು ತಿಂಗಳ ಅಂತರದಲ್ಲಿ. ಎರಡನೆಯದರಲ್ಲಿ ‘ನೀನು ನನಗೆ ಯಾಕೆ ಹೇಳಲಿಲ್ಲ’ ಅನ್ನುವ ಜಗಳವೇ ಎಷ್ಟು ಸಲವೋ.

ಸೆಟ್ಟಿಗೆ ವಾಪಸ್ ಬರೋಣ. ಮೂರನೆಯದು, ‘ಎಕ್ಲಿಪ್ಸ್’, ನನಗೆ ಇಷ್ಟವಾಯಿತು. ಇಲ್ಲಿ ನಿಜವಾದ ಪ್ರಶ್ನೆ ಒಂದಿದೆ. ಅವಳು ವ್ಯಾಂಪೈರ್ ಆದರೆ ಅಪ್ಪ ಅಮ್ಮ ಬಿಡಬೇಕು, ಮಕ್ಕಳಿಲ್ಲ, ವಯಸ್ಸಾಗುವುದಿಲ್ಲ. ಜೇಕಬ್ ಜೊತೆ ಹೋದರೆ ಸಾಧಾರಣ ಬಾಳು, ಬೆಚ್ಚಗಿನ ಕೈ. ಹಿಮ ಬೀಳುವ ಬೆಟ್ಟದ ಮೇಲೆ ಒಂದು ಡೇರೆಯಲ್ಲಿ ಮೂವರೂ ರಾತ್ರಿ ಕಳೆಯುವ ಭಾಗವಂತೂ ನಗುವೂ ಸಂಕಟವೂ ಒಟ್ಟಿಗೆ ಬರುವಂಥದ್ದು.

ನಾಲ್ಕನೆಯದು ಏಳುನೂರಕ್ಕೂ ಹೆಚ್ಚು ಪುಟ. ಮದುವೆ, ದ್ವೀಪ, ಬಸಿರು, ಅವಳನ್ನು ಒಳಗಿನಿಂದಲೇ ಮುರಿಯುವ ಮಗು. ನಡುವಿನ ಭಾಗವನ್ನು ಜೇಕಬ್ ಹೇಳುತ್ತಾನೆ, ಅಲ್ಲಿ ಪುಸ್ತಕಕ್ಕೆ ಸ್ವಲ್ಪ ಜೀವ ಬರುತ್ತದೆ. ಆಮೇಲೆ ಅವಳು ವ್ಯಾಂಪೈರ್ ಆಗುತ್ತಾಳೆ, ಮತ್ತೆ ಎಲ್ಲವೂ ಸಲೀಸು. ಮೂರು ಪುಸ್ತಕ ಹೆದರಿಸಿದ್ದ ಆ ರಕ್ತದ ಬಾಯಾರಿಕೆ ಇವಳಿಗೆ ಬಂದೂ ಬಾರದ ಹಾಗೆ. ಜೇಕಬ್‌ಗೆ ಆ ಹಸುಗೂಸಿನ ಮೇಲೆ ಜನ್ಮದ ನಂಟು ಬೆಳೆಯುವ ವಿಷಯ ಓದಿ ಪುಸ್ತಕ ಮುಚ್ಚಿ ಕಾಫಿ ಮಾಡಲು ಎದ್ದುಹೋದೆ. ಕೊನೆಗೆ ದೊಡ್ಡ ಕಾಳಗಕ್ಕೆ ಅಂತ ದೇಶದೇಶದ ವ್ಯಾಂಪೈರ್‌ಗಳು ಬಂದು ಸೇರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಶಕ್ತಿ, ಸಂತೆಯ ಪಟ್ಟಿಯ ಹಾಗೆ ಓದುತ್ತಾ ಹೋಗಬೇಕು. ಎಲ್ಲರೂ ಹಿಮದಲ್ಲಿ ಎದುರುಬದುರು ನಿಂತು, ಮಾತಾಡಿ, ವಾಪಸ್ ಹೋಗುತ್ತಾರೆ. ಅಷ್ಟೇ!

ಭಯದ ಕಥೆಗಳಿಗೆ ಮುಂದಿನ ಭಾಗ ಇನ್ನೂ ಕಷ್ಟ ಅನ್ನಿಸುವುದು ಇಲ್ಲೇ. ನಮ್ಮ ಕಡೆ ಸತ್ತ ಹಿರಿಯರು ದೂರ ಹೋದವರಲ್ಲ. ಹಿರಿಯರ ಗುಡಿ ಕೈಮಡ ಇದೆ, ಆ ಹಿರಿಯರಿಗೆ, ನಮ್ಮ ಕಾರೋಣರಿಗೆ, ವರ್ಷ ವರ್ಷ ಊಟ ಇಡುತ್ತೇವೆ. ಚಿಕ್ಕವಳಿದ್ದಾಗ ಸಂಜೆ ಆ ಕಡೆ ಒಬ್ಬಳೇ ಹೋಗಲು ಹೆದರುತ್ತಿದ್ದೆ. ಯಾರೂ ನನಗೆ ಅದರ ನಿಯಮ ಬಿಡಿಸಿ ಹೇಳಿರಲಿಲ್ಲ, ಅದಕ್ಕೇ ಹೆದರಿಕೆ. ಟ್ವೈಲೈಟ್ ಮೊದಲನೆಯದರಲ್ಲಿ ಹೇಳದೇ ಬಿಟ್ಟಿದ್ದು ಜಾಸ್ತಿ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ವ್ಯಾಂಪೈರ್‌ಗಳಿಗೆ ಕಾನೂನು, ಅದನ್ನು ಕಾಯುವವರು, ವಿಚಾರಣೆ, ಸಾಕ್ಷಿ ಎಲ್ಲಾ ಬಂದು ತಾಲ್ಲೂಕು ಕಚೇರಿ ಆಗಿದೆ.

ಅಮ್ಮನನ್ನು ಕೇಳಿದೆ, ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ. ತೆಲುಗಿನಿಂದ ಕನ್ನಡಕ್ಕೆ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಓದಿ ವಾರಗಟ್ಟಲೆ ದೀಪ ಆರಿಸದೇ ಮಲಗಿದ್ದರಂತೆ. ಮುಂದಿನ ಭಾಗ ‘ತುಳಸಿ’ಯನ್ನು? “ಅದನ್ನು ಮಧ್ಯಾಹ್ನ ಊಟ ಆದ ಮೇಲೆ ಓದ್ತಿದ್ದೆ, ನಿದ್ದೆ ಚೆನ್ನಾಗಿ ಬರ್ತಿತ್ತು.”

ತಗೋಬೇಕಾ ಅಂತ ಕೇಳಿದರೆ, ಸೆಟ್ ಬೇಡ. ಬಿಡಿಯಾಗಿ ಸಿಕ್ಕರೆ ಮೊದಲನೆಯದು ಕೊಳ್ಳಿ. ಅದು ಹಿಡಿಸಿದರೆ ಎರಡನೆಯದನ್ನು ಯಾರಿಂದಲಾದರೂ ಎರವಲು ತಂದು ಬೇಗ ಬೇಗ ದಾಟಿಸಿ, ಮೂರನೆಯದು ಕೊಳ್ಳಿ. 2020ರಲ್ಲಿ ಬಂದ ‘ಮಿಡ್‌ನೈಟ್ ಸನ್’ ಅಂತ ಒಂದಿದೆ, ಮೊದಲ ಕಥೆಯನ್ನೇ ಹುಡುಗ ಹೇಳುವುದು. ಅದಕ್ಕೆ ದುಡ್ಡು ಹಾಕುವಷ್ಟು ಪ್ರೀತಿ ನನಗೆ ಉಳಿದಿಲ್ಲ.

ಮೊನ್ನೆ ಕೈಲ್ ಪೊಳ್ದ್ ಹಬ್ಬಕ್ಕೆ ಮನೆ ಒಪ್ಪ ಮಾಡುವಾಗ ಅತ್ತೆ, ಬೀರುವಿನಲ್ಲಿ ಸೀರೆಗೆ ಜಾಗ ಬೇಕು, ಎರಡು ಪುಸ್ತಕ ಮಾತ್ರ ಇಟ್ಟುಕೋ ಅಂದರು. ಒಂದು ಮತ್ತು ಮೂರು ಬಲ್ಬಿನ ಪಕ್ಕ ಉಳಿದವು. ಎರಡು ಮತ್ತು ನಾಲ್ಕು ಜಗಲಿಯ ಕಪಾಟಿನಲ್ಲಿವೆ, ಈಗಾಗಲೇ ಸ್ವಲ್ಪ ಬೂದು. ಓದಿದವರು ವಾಪಸ್ ಕೊಡಬೇಕು ಅಂತೇನಿಲ್ಲ.