ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಹಳೇ ಕಾರು: ದಯವಿಟ್ಟು ಮೊದಲು ಕಾರ್ಬೊರೇಟರ್ ಬಿಚ್ಚಬೇಡಿ

ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್ಚು), ಕಂಡೆನ್ಸರ್ (ಅದರ ಜೊತೆಗಿರುವ ಸಣ್ಣ ಬಿಡಿಭಾಗ) ಇರುವ ಹಳೇ ಗಾಡಿ ಇಟ್ಟುಕೊಂಡಿರುವವರು ಇದನ್ನೊಮ್ಮೆ ಓದಿ. ನಾನು ಮೂರು ತಿಂಗಳು ಪಟ್ಟ ಪಾಡು ನಿಮಗೆ ಬೇಡ.

ಬೆಳಿಗ್ಗೆ ಗಾಡಿ ಅರ್ಧ ಸೆಲ್ಫ್‌ಗೇ ಎದ್ದುಬಿಡುತ್ತಿತ್ತು. ಇಪ್ಪತ್ತು ನಿಮಿಷ ಓಡಿದ ಮೇಲೆ ಏರಿನಲ್ಲಿ ಮುಗ್ಗರಿಸಿದ ಹಾಗಾಗುವುದು, ಹಿಂದೆಯೇ ಸೈಲೆನ್ಸರ್‌ನಿಂದ ಫಟ್ ಅಂತ ಒಂದು ಸದ್ದು. ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಇಂಜಿನ್ ಸುಮ್ಮನೆ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಮುಕ್ಕಾಲು ಗಂಟೆ ಕಾದರೆ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಸ್ಟಾರ್ಟ್!

ಇದನ್ನು ಯಾರಿಗೆ ಹೇಳಿದರೂ ಒಂದೇ ಉತ್ತರ: ಪೆಟ್ರೋಲ್ ಕುದೀತಿದೆ, ವೇಪರ್ ಲಾಕ್, ಅಂದರೆ ಆವಿ ತುಂಬಿ ಪೆಟ್ರೋಲ್ ಬರುವುದು ನಿಲ್ಲುತ್ತಿದೆ. ನಾನೂ ನಂಬಿದೆ, ನಂಬಲು ಕಾರಣವೂ ಇತ್ತು. ಇಂಜಿನ್ ಆಫ್ ಮಾಡಿದ ಕೂಡಲೇ ಫ್ಯಾನ್ ನಿಲ್ಲುತ್ತದೆ, ರೇಡಿಯೇಟರ್ ನೀರಿನ ಓಟವೂ ನಿಲ್ಲುತ್ತದೆ. ಬ್ಲಾಕ್‌ನಲ್ಲಿರುವ ಕಾವೆಲ್ಲ ಬಾನೆಟ್ ಒಳಗೇ ಏರುತ್ತದೆ. ಹಾಗಾಗಿ ಓಡುವಾಗಿನದಕ್ಕಿಂತ ನಿಲ್ಲಿಸಿದ ಮೇಲೆಯೇ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಹೆಚ್ಚು ಕಾಯುತ್ತದೆ. ಪೆಟ್ರೋಲ್‌ಗೆ ಸ್ವಲ್ಪ ಎಥನಾಲ್ ಬೆರೆತಿದ್ದರಂತೂ ಅದು ಇನ್ನೂ ಬೇಗ ಆವಿಯಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದದ್ದೇ ನನಗೆ ಮುಳುವಾಯಿತು.

ಪೆಟ್ರೋಲ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ಕಾರ್ಬೊರೇಟರ್ ಅಡಿಗೆ ದಪ್ಪ ಪ್ಯಾಕಿಂಗ್ ಕೊಟ್ಟೆ. ಪಂಪಿನ ಡಯಾಫ್ರಾಂ ಬದಲಿಸಿದೆ, ಅದರ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ರಸ್ತೆ ಪಕ್ಕ ಕೂತದ್ದೂ ಆಯಿತು. ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿದೆ. ಎರಡನೇ ಸಲ ಮುಚ್ಚಳದ ಒಂದು ಸ್ಕ್ರೂ ಬಿಗಿ ಮಾಡುವಾಗ ಕೈಗೆ ಬೆಣ್ಣೆಯ ಹಾಗೆ ಮೆತ್ತಗೆ ತಿರುಗಿತು. ಥ್ರೆಡ್ ಹೋಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಂದು ದಿನ ಕಾದ ಇಂಜಿನ್ ಮೇಲೆ ಕಾರ್ಬೊರೇಟರ್ ಮುಚ್ಚಳ ತೆಗೆದಿಟ್ಟು, ಚೆಲ್ಲಿದ ಪೆಟ್ರೋಲ್ ಒರೆಸಿ, ಆ ವಾಸನೆ ಇನ್ನೂ ಇರುವಾಗಲೇ ಕಿಡಿ ನೋಡೋಣ ಅಂತ ಪ್ಲಗ್ ವೈರ್ ಕೈಗೆತ್ತಿಕೊಂಡಿದ್ದೆ. ಪಕ್ಕದಲ್ಲಿದ್ದ ಗೆಳೆಯ ಕೈ ಹಿಡಿದು ಎಳೆಯದಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಕಿಡಿ ಪರೀಕ್ಷೆ ಮಾಡುವುದಿದ್ದರೆ ಪೆಟ್ರೋಲ್ ಆವಿ ಪೂರ್ತಿ ಹೋಗಿರಬೇಕು, ಕಾರ್ಬೊರೇಟರ್‌ನಿಂದ ದೂರದಲ್ಲೇ ಮಾಡಬೇಕು.

ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್ ಬಂದು ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಅದು ಕೈ ಕೊಟ್ಟಾಗ ಕಿಡಿ ನೋಡಿದ್ರಾ ಸಾರ್?" ಅಂದರು. ನೋಡಿದ್ದೆ, ಆದರೆ ಯಾವಾಗಲೂ ಮನೆಗೆ ಬಂದು, ಇಂಜಿನ್ ತಣ್ಣಗಾದ ಮೇಲೆ. ಆಗ ಕಿಡಿ ನೀಲಿಯಾಗಿ, ಚಟ್ ಚಟ್ ಅಂತ ಚೆನ್ನಾಗಿಯೇ ಹಾರುತ್ತಿತ್ತು.

ಅವತ್ತು ಸಂಜೆ ಗಾಡಿಯನ್ನು ಚೆನ್ನಾಗಿ ಓಡಿಸಿ, ಕೈ ಕೊಡುವವರೆಗೂ ಬಿಸಿ ಮಾಡಿ, ಡೆಲ್ಕೋ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪ್ ತೆಗೆದೆವು. ಕತ್ತಲಾಗಿತ್ತು. ನಾನು ಸೆಲ್ಫ್ ಹೊಡೆದೆ, ಅವರು ಬಗ್ಗಿ ನೋಡುತ್ತಿದ್ದರು. ಆಮೇಲೆ ಜಾಗ ಬದಲಿಸಿಕೊಂಡು ನನಗೂ ತೋರಿಸಿದರು. ಪಾಯಿಂಟ್ ಬಿಟ್ಟುಕೊಂಡಾಗಲೆಲ್ಲ ಸಂದಿಯಲ್ಲಿ ಹಳದಿ ಕಿಡಿ ಪಟಪಟ ಹೊತ್ತಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಕಾಯಿಲ್‌ನ (ಬ್ಯಾಟರಿ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸುವ ಸುರುಳಿ) ದಪ್ಪ ವೈರಿಗೆ ಸಿಕ್ಕಿಸಿ ಬ್ಲಾಕ್‌ಗೆ ತಾಗಿಸಿಟ್ಟ ಪ್ಲಗ್‌ನಲ್ಲಿ ನೋಡಿದರೆ ಕೂದಲೆಳೆಯಷ್ಟು ಕೆಂಪು ಗೆರೆ, ಅದೂ ಒಮ್ಮೆ ಇದ್ದರೆ ಇನ್ನೊಮ್ಮೆ ಇಲ್ಲ.

ಅಪರಾಧಿ ಕಂಡೆನ್ಸರ್. ಪಾಯಿಂಟ್ ತೆರೆದ ಗಳಿಗೆಯಲ್ಲಿ ಕಾಯಿಲ್‌ನ ಕರೆಂಟ್ ಆ ಸಂದಿಯನ್ನು ಹಾರಲು ನೋಡುತ್ತದೆ. ಅದನ್ನು ಕಂಡೆನ್ಸರ್ ಹೀರಿಕೊಂಡರೆ ಮಾತ್ರ ಕಾಯಿಲ್‌ನ ಕಾಂತಕ್ಷೇತ್ರ ಥಟ್ಟನೆ ಕುಸಿದು ಪ್ಲಗ್‌ಗೆ ಸಾವಿರಾರು ವೋಲ್ಟ್ ಸಿಗುತ್ತದೆ. ಒಳಗೆ ಇರುವುದು ಸುರುಳಿ ಸುತ್ತಿದ ತೆಳು ಹಾಳೆ, ಅದಕ್ಕೊಂದು ಸಂಪರ್ಕ. ಆ ಸಂಪರ್ಕ ಸಡಿಲವಿದ್ದರೆ ಕಾವಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ, ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ವೇಪರ್ ಲಾಕ್‌ನ ಲಕ್ಷಣವೂ ಥೇಟ್ ಹೀಗೇ ಇರುವುದರಿಂದ ನನ್ನಂಥವರು ಮೋಸ ಹೋಗುತ್ತೇವೆ.

ನನಗೆ ಹೊಟ್ಟೆ ಉರಿದದ್ದು ಇಲ್ಲಿ. ಆ ಕಂಡೆನ್ಸರ್ ಹೊಸದು. ತೊಂದರೆ ಶುರುವಾಗುವ ಎರಡು ವಾರ ಮೊದಲು ಟ್ಯೂನಿಂಗ್ ಮಾಡುವಾಗ ಪಾಯಿಂಟ್, ರೋಟರ್ (ಡೆಲ್ಕೋ ಒಳಗೆ ತಿರುಗುತ್ತ ಒಂದೊಂದು ಪ್ಲಗ್‌ಗೂ ಕಿಡಿ ಮುಟ್ಟಿಸುವ ತುಂಡು), ಪ್ಲಗ್‌ಗಳ ಜೊತೆ ನಾನೇ ಹಾಕಿದ್ದು. ನಡುವೆ ಅನುಮಾನ ಬಂದು ಅದೇ ಡಬ್ಬಿಯ ಇನ್ನೊಂದನ್ನೂ ಹಾಕಿ ನೋಡಿದ್ದೆ. ಅದೂ ಅದೇ ಕಥೆ. ಎರಡು ಹೊಸದೂ ಕೆಟ್ಟಿರಬಹುದು ಅಂತ ತಲೆಗೇ ಹೊಳೆಯಲಿಲ್ಲ, "ಕಂಡೆನ್ಸರ್ ಅಲ್ಲ" ಅಂತ ಗೆರೆ ಎಳೆದುಬಿಟ್ಟೆ. ಪುಣ್ಯಕ್ಕೆ ಹಳೆಯದನ್ನು ಎಸೆದಿರಲಿಲ್ಲ. ಮೆಕ್ಯಾನಿಕ್ ಅದನ್ನು ಒರೆಸಿ ಹಾಕಿದರು. ಕಾದ ಇಂಜಿನ್ ಮೊದಲ ಸೆಲ್ಫ್‌ಗೇ ಹತ್ತಿತು.

ನಿಮ್ಮ ಗಾಡಿಯೂ ಹೀಗೆ ಮಾಡುತ್ತಿದ್ದರೆ ಯಾವ ಸಾಮಾನನ್ನೂ ಕೊಳ್ಳುವ ಮೊದಲು ಒಂದು ಟೈಮಿಂಗ್ ಲೈಟ್ (ವೈರಿನಲ್ಲಿ ಕಿಡಿಯ ಕರೆಂಟ್ ಹರಿದಾಗಲೆಲ್ಲ ಮಿಂಚುವ ದೀಪ) ಎರವಲು ತನ್ನಿ. ಮಿಸ್ ಹೊಡೆಯುವಾಗ ಅದರ ಕ್ಲಿಪ್ಪನ್ನು ಕಾಯಿಲ್‌ನಿಂದ ಬರುವ ದಪ್ಪ ವೈರಿಗೆ ಹಾಕಿ. ಇಂಜಿನ್ ಮುಗ್ಗರಿಸಿದ ಹಾಗೇ ಬೆಳಕೂ ತಪ್ಪುತ್ತಿದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಕಡೆ ಹೋಗಿ. ಅಲ್ಲಿ ಸರಿಯಿದ್ದು ಪ್ಲಗ್ ವೈರಿನಲ್ಲಿ ತಪ್ಪಿದರೆ ರೋಟರ್, ಕ್ಯಾಪ್ ಅಥವಾ ಆ ವೈರು. ಎರಡೂ ಕಡೆ ಬೆಳಕು ತಪ್ಪದೆ ಬರುತ್ತಿದ್ದೂ ಇಂಜಿನ್ ಮುಗ್ಗರಿಸಿದರೆ ಆಗ ಪೆಟ್ರೋಲ್ ಕಡೆ ನೋಡಿ. ಬಿಸಿಯಾದಾಗ ಒಂದೇ ಸಿಲಿಂಡರ್ ಸುಸ್ತಾಗುತ್ತಿದ್ದರೆ ವಾಲ್ವ್ ಗ್ಯಾಪ್ ಕಡಿಮೆಯಾಗಿದೆಯೇ ಅಂತಲೂ ನೋಡಬೇಕು.

ರೋಟರ್ ವಿಷಯದಲ್ಲೂ ಹುಷಾರು. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುವ ಕೆಲವು ರೋಟರ್‌ಗಳಲ್ಲಿ ಕಿಡಿ ರಿವೆಟ್ ಮೂಲಕ ಒಳಗಿನ ಶಾಫ್ಟಿಗೇ ಇಳಿದುಬಿಡುತ್ತದೆ. ಅಡಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡರೂ ಅದನ್ನು ತೆಗೆದಿಡಿ.

ನಿಜವಾಗಿಯೂ ಪೆಟ್ರೋಲ್ ಕುದಿದು ಫ್ಲಡ್ ಆಗಿದ್ದರೆ, ಅಂದರೆ ಇಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ನುಗ್ಗಿದ್ದರೆ, ಚೋಕ್ ಎಳೆಯಬೇಡಿ, ಆಕ್ಸಿಲರೇಟರ್ ಪಂಪ್ ಮಾಡಬೇಡಿ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಹೆಚ್ಚಾದ ಆವಿ ಗಾಳಿಯ ಜೊತೆ ಹೊರಟುಹೋಗುತ್ತದೆ.

ನನ್ನ ಗಾಡಿಯಲ್ಲಿ ಈಗಲೂ ಆ ಹಳೇ ಕಂಡೆನ್ಸರೇ ಇದೆ, ಮಿಸ್ಸಿಂಗ್ ಇಲ್ಲ. ಥ್ರೆಡ್ ಹೋದ ಆ ಸ್ಕ್ರೂ ಹತ್ತಿರ ಮಾತ್ರ ಪೆಟ್ರೋಲ್ ಸಣ್ಣಗೆ ಜಿನುಗುತ್ತಿದೆ. ಅದು ಸರಿಯಾಗುವವರೆಗೂ ಗಾಡಿ ಹೊರಗೆ ತೆಗೆಯುತ್ತಿಲ್ಲ.